ನೋವು ಅಡಗಿತು, ಚಿಕಿತ್ಸೆ ಮುಗಿಯಲಿಲ್ಲ

ಹಲ್ಲುನೋವು ಬಂದಾಗ ವೈದ್ಯರ ಮನೆಗೆ ಧಾವಿಸುವವರು, ನೋವು ಅಡಗಿದೊಡನೆ ಆ ದಾರಿಯನ್ನೇ ಮರೆಯುವುದುಂಟು. ಈ ಮರೆವಿಗೆ ಬೆಲೆ ತೆತ್ತವರಲ್ಲಿ ನಾವೂ ಒಬ್ಬರು. ಕೆಲವು ವರ್ಷಗಳ ಹಿಂದೆ ನಮ್ಮ ದವಡೆ ಹಲ್ಲೊಂದಕ್ಕೆ ರೂಟ್ ಕೆನಾಲ್ ಚಿಕಿತ್ಸೆಯಾಯಿತು. ವೈದ್ಯರು ತಾತ್ಕಾಲಿಕ ಸಿಮೆಂಟನ್ನು ತುಂಬಿ, ಎರಡು ವಾರದೊಳಗೆ ಬರಹೇಳಿದರು. ನೋವಿಲ್ಲವೆಂಬ ನೆಮ್ಮದಿಯಲ್ಲಿ ನಾವು ಹೋದದ್ದು ಐದು ತಿಂಗಳ ಮೇಲೆ. ಅಷ್ಟರಲ್ಲಿ ಸಿಮೆಂಟು ಸವೆದು ಹಲ್ಲು ಸೀಳಿತ್ತು, ಕೀಳಿಸದೆ ಗತ್ಯಂತರವಿರಲಿಲ್ಲ.

ಈ ಚಿಕಿತ್ಸೆಯಲ್ಲಿ ಹಲ್ಲಿನೊಳಗಿನ ಕೆಟ್ಟ ತಿರುಳನ್ನು ತೆಗೆದು, ಬೇರಿನ ನಾಳಗಳನ್ನು ಶುದ್ಧಗೊಳಿಸುತ್ತಾರೆ. ತಿರುಳಿನೊಂದಿಗೆ ನರವೂ ಹೋಗುವುದರಿಂದ, ಒಳಗೆ ಮತ್ತೆ ಕೇಡು ಹುಟ್ಟಿದರೂ ಹಲ್ಲು ಬೇಗನೆ ಎಚ್ಚರಿಸದು. ಆದುದರಿಂದ ನೋವಿಲ್ಲದಿರುವುದು ಗುಣವಾದುದಕ್ಕೆ ಸಾಕ್ಷಿಯಲ್ಲ.

ತಾತ್ಕಾಲಿಕ ಸಿಮೆಂಟಿನಲ್ಲಿ ಸಾಮಾನ್ಯವಾಗಿ ಸತುವಿನ ಆಕ್ಸೈಡ್ ಇರುತ್ತದೆ. ಕೆಲವು ಬಗೆಗಳಲ್ಲಿ ಲವಂಗದೆಣ್ಣೆಯ ಸಾರವಾದ ಯೂಜಿನಾಲ್ ಸೇರಿರುತ್ತದೆ. ಇನ್ನು ಕೆಲವು ಬಾಯಿಯ ತೇವದಿಂದಲೇ ಗಟ್ಟಿಯಾಗುತ್ತವೆ. ಮುಂದೆ ಸುಲಭವಾಗಿ ತೆಗೆಯಬೇಕಾದುದರಿಂದ ಅದನ್ನು ಮೆದುವಾಗಿಯೇ ಮಾಡಿರುತ್ತಾರೆ. ಅಗಿತಕ್ಕೆ ಅದು ಕೆಲವು ವಾರಗಳಲ್ಲೇ ಸವೆದು, ಅಂಚಿನಲ್ಲಿ ಬಿರುಕು ಬಿಡಬಹುದು. ಆ ಬಿರುಕಿನಿಂದ ಜೊಲ್ಲೂ ರೋಗಾಣುಗಳೂ ಒಳಗಿಳಿಯುತ್ತವೆ. 1990ರಲ್ಲಿ ಪ್ರಕಟವಾದ ತೊರಾಬಿನೆಜಾದ್ ಮತ್ತು ಸಂಗಡಿಗರ ಪ್ರಯೋಗದಲ್ಲಿ, ಮೇಲ್ಭಾಗ ಮುಚ್ಚದೆ ಬಿಟ್ಟ ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ, ನಾಳ ತುಂಬಿದ್ದರೂ ಒಂದು ಬಗೆಯ ರೋಗಾಣು 19 ದಿನಗಳಲ್ಲೇ ಬೇರಿನ ತುದಿ ಮುಟ್ಟಿತು.

ಸಿಮೆಂಟು ತುಂಬಿಸಿದ ಬಳಿಕ ಒಂದು ಗಂಟೆಯಾದರೂ ಏನನ್ನೂ ಅಗಿಯಬಾರದು. ಮುಂದೆಯೂ ಅಂಟುಂಡೆ, ಚಿಕ್ಕಿಯಂತಹ ಅಂಟುವ ಹಾಗೂ ಗಟ್ಟಿ ಪದಾರ್ಥಗಳನ್ನು ಬಿಟ್ಟು, ಇನ್ನೊಂದು ಬದಿಯಲ್ಲಿ ಅಗಿಯಬೇಕು. ಮೇಲ್ಪದರ ತುಸು ಸವೆದರೆ ಗಾಬರಿ ಬೇಡ. ಆದರೆ ಕುಳಿ ಕಂಡರೆ, ತುಂಬಿದ್ದು ಉದುರಿದರೆ, ಬಾಯಿ ಮುಚ್ಚುವಾಗ ಆ ಹಲ್ಲೇ ಮೊದಲು ತಾಗಿದರೆ ವೈದ್ಯರಿಗೆ ತಿಳಿಸಬೇಕು. ಮನೆಯಲ್ಲೇ ಲವಂಗ, ಹತ್ತಿ ತುರುಕಿ ಕಾಲ ಕಳೆಯಲಾಗದು. ಬಾವು ಅಥವಾ ಜ್ವರ ಬಂದರೆ ಅಂದೇ ಹೋಗಬೇಕು.

ತಿರುಳು ತೆಗೆಯಲು ಕೊರೆದ ಹಲ್ಲಿನ ಗೋಡೆಗಳು ತೆಳುವಾಗಿರುತ್ತವೆ. ದವಡೆ ಹಲ್ಲಿಗೆ ಶಾಶ್ವತ ಭರ್ತಿಯೊಂದಿಗೆ ಬಹುಮಟ್ಟಿಗೆ ಕ್ಯಾಪೂ ಬೇಕಾಗುತ್ತದೆ. ಖರ್ಚಿಗೆ ಅಂಜಿ ಮುಂದೂಡಿದ ನಮಗೆ ಉಳಿದದ್ದು ಬರಿಯ ಸಂದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆ ನಡೆದಿದ್ದರೆ, ವೈದ್ಯರು ಹೇಳಿದ ದಿನವನ್ನು ಇಂದೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿರಿ.