ಊರಿಗೆ ಉಪಕಾರಿ, ಮನೆಗೂ ಉಪಕಾರಿ

ಒಳ್ಳೆಯ ಕೆಲಸಕ್ಕೆ ಹಣ ಕೂಡಿಸಲು ದೂರದ ಸೈಕಲ್ ಯಾತ್ರೆ ಹೊರಡಬೇಕೆಂಬ ಆಸೆ ಹರೆಯದಲ್ಲಿ ಸಹಜ. ಓದು, ಮನೆಗೆಲಸ, ಹೊಲದ ಕೆಲಸಗಳ ನಡುವೆ ಅದಕ್ಕೆ ಸಿದ್ಧತೆ ಮಾಡಿಕೊಳ್ಳುವುದು ಹೇಗೆ? ಬದನಗುಪ್ಪೆಯ ರಸ್ತೆಯಿಂದ ಕೆನಡಾದ ಹೆದ್ದಾರಿಯವರೆಗೆ ಒಂದು ನೋಟ.

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರದ ಮೂಲಕ ನೀಲಗಿರಿಗೆ ಹೋಗುವ ರಸ್ತೆಯ ಜನರಿಗೆ ಸೈಕಲ್ ಸವಾರರ ಸಾಲು ಹೊಸ ನೋಟವೇನಲ್ಲ. 2008ರ ಡಿಸೆಂಬರ್‌ನಲ್ಲಿ ಆರಂಭವಾದ 'ಟೂರ್ ಆಫ್ ನೀಲಗಿರೀಸ್' ಯಾತ್ರೆ ಈ ಭಾಗದ ಬೆಟ್ಟಗುಡ್ಡಗಳನ್ನು ಸೈಕಲ್ ಪ್ರಿಯರಿಗೆ ಪರಿಚಯಿಸಿತು. ಸುಮಾರು ಎಂಟು ದಿನಗಳ, ನೂರಾರು ಕಿಲೋಮೀಟರ್‌ಗಳ ಸವಾರಿ ಅದು. ಮಸಿನಗುಡಿಯಿಂದ ಉದಕಮಂಡಲಕ್ಕೆ ಏರುವ ಕಲ್ಹಟ್ಟಿ ಘಾಟಿಯ 36 ತಿರುವುಗಳು ಎಂಥ ಗಟ್ಟಿಗನ ಉಸಿರನ್ನೂ ಪರೀಕ್ಷಿಸುತ್ತವೆ. ಸವಾರರಲ್ಲಿ ಕೆಲವರು ಸೇವಾಕಾರ್ಯಗಳಿಗೆ ಹಣ ಸಂಗ್ರಹಿಸುವುದೂ ಉಂಟು.

ಇವರಲ್ಲಿ ಹೆಚ್ಚಿನವರು ವೃತ್ತಿಪರ ಕ್ರೀಡಾಪಟುಗಳಲ್ಲ. ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ದುಡಿಯುವವರು, ಸಂಸಾರಸ್ಥರು. ವರ್ಷವಿಡೀ ನಸುಕಿನಲ್ಲೆದ್ದು ಸೈಕಲ್ ತುಳಿದು, ಬಳಿಕ ಸ್ನಾನ ಮಾಡಿ ಕೆಲಸಕ್ಕೆ ಹೋದವರು. ನಾವು ನೋಡುವುದು ಎಂಟು ದಿನದ ಸಂಭ್ರಮವನ್ನು ಮಾತ್ರ. ಅದರ ಹಿಂದಿರುವ ತಿಂಗಳುಗಟ್ಟಲೆಯ ದುಡಿಮೆ ಕಣ್ಣಿಗೆ ಬೀಳುವುದಿಲ್ಲ.

ಈಗ ಬದನಗುಪ್ಪೆಯಂಥ ಊರಿನ ವಿದ್ಯಾರ್ಥಿಯ ದಿನಚರಿ ನೋಡಿ. ಬೆಳಿಗ್ಗೆ ಎದ್ದು ಡೇರಿಗೆ ಹಾಲು ಹಾಕಬೇಕು. ರಾಸುಗಳಿಗೆ ಮೇವು ಹಾಕಬೇಕು. ಬಸ್ಸಿಗೋ ರೈಲಿಗೋ ಓಡಿ ಚಾಮರಾಜನಗರದ ಕಾಲೇಜು ಮುಟ್ಟಬೇಕು. ಅಣ್ಣ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ ಮಾಡುತ್ತಿದ್ದರೆ ಸಂಜೆ ಹೊಲಕ್ಕೆ ನೀರು ಕಟ್ಟುವುದೂ ಇವನ ಪಾಲಿಗೇ. ಹೆಣ್ಣುಮಗಳಾದರೆ ಅಡುಗೆಮನೆಯ ಕೆಲಸವೂ ಸೇರಿಕೊಳ್ಳುತ್ತದೆ. ಇಷ್ಟರ ನಡುವೆ ನಾಲ್ಕಾರು ಗೆಳೆಯರು ಸೇರಿ, 'ನಮ್ಮೂರ ಶಾಲೆಯ ಗ್ರಂಥಾಲಯಕ್ಕೆ ಹಣ ಕೂಡಿಸೋಣ, ರಜೆಯಲ್ಲಿ ಸೈಕಲ್ ಯಾತ್ರೆ ಹೋಗೋಣ' ಎಂದರೆ ಮನೆಯಲ್ಲಿ ಹಿರಿಯರು ಏನೆನ್ನುತ್ತಾರೆ? 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂಬ ಗಾದೆಯನ್ನು ನೆನಪಿಸುತ್ತಾರೆ.

ಗಾದೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಯಾತ್ರೆಗೆ ಅಡ್ಡಗಾಲು ಎಂದು ತಿಳಿಯುವುದಕ್ಕಿಂತ ಯಾತ್ರೆಯ ಮೊದಲ ನಿಯಮ ಎಂದು ತಿಳಿಯುವುದು ಒಳ್ಳೆಯದು. ಮನೆಯವರ ಬೆನ್ನ ಮೇಲೆ ಹೊರೆ ಹೊರಿಸಿ ಮಾಡಿದ ದಾನ ನಮ್ಮ ದಾನವಾಗುವುದಿಲ್ಲ, ಅವರದಾಗುತ್ತದೆ.

ತಂದೆ ಕೇಳಿದ ಒಂದೇ ಪ್ರಶ್ನೆ

ಸತ್ಕಾರ್ಯಕ್ಕಾಗಿ ರಸ್ತೆಗಿಳಿದವರಲ್ಲಿ ಜಗತ್ತು ಇಂದಿಗೂ ನೆನೆಯುವ ಹೆಸರು ಕೆನಡಾದ ಟೆರ್ರಿ ಫಾಕ್ಸ್. 1977ರಲ್ಲಿ, 18ರ ಹರೆಯದಲ್ಲಿ, ಮೂಳೆ ಕ್ಯಾನ್ಸರ್‌ನಿಂದ ಬಲಗಾಲನ್ನು ಮಂಡಿಯ ಮೇಲೆ ಕತ್ತರಿಸಬೇಕಾಯಿತು. ಆಸ್ಪತ್ರೆಯಲ್ಲಿ ಕಂಡ ಇತರ ರೋಗಿಗಳ, ಅದರಲ್ಲೂ ಮಕ್ಕಳ, ನರಳಾಟ ಅವನನ್ನು ಕಾಡಿತು. ಕೃತಕ ಕಾಲಿನಲ್ಲಿ ಇಡೀ ಕೆನಡಾವನ್ನು ಓಡಿ ದಾಟಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವುದೆಂದು ನಿಶ್ಚಯಿಸಿದ.

ಹಾಗೆಂದು ಮರುದಿನವೇ ಹೊರಟುಬಿಡಲಿಲ್ಲ. ಮೊದಮೊದಲು ಯಾರ ಕಣ್ಣಿಗೂ ಬೀಳಬಾರದೆಂದು ಕತ್ತಲಲ್ಲಿ ಓಡುತ್ತಿದ್ದ. ಅಂದು ಅರ್ಧ ಮೈಲಿಯೇ ದೊಡ್ಡದು. ಹೀಗೆ ಸುಮಾರು 15 ತಿಂಗಳು ಅಭ್ಯಾಸ ಮಾಡಿ, ಯಾತ್ರೆಗೆ ಮೊದಲೇ 5,000 ಕಿಲೋಮೀಟರ್‌ಗೂ ಹೆಚ್ಚು ಓಡಿದ್ದ. ದಿನ ತಪ್ಪದೆ ಓಡುತ್ತಿದ್ದವನು ಕ್ರಿಸ್‌ಮಸ್ ದಿನ ಮಾತ್ರ ನಿಲ್ಲಿಸಿದ. ತಾಯಿ ಕೇಳಿಕೊಂಡಿದ್ದರು, ಅದಕ್ಕೆ.

ಮಗನ ನಿಜವಾದ ಉದ್ದೇಶ ತಿಳಿದಾಗ ತಾಯಿ ಬೆಟ್ಟಿ, ಇದು ಹುಚ್ಚು ಸಾಹಸವೆಂದು ತಡೆದರು. ಯಾವ ತಾಯಿ ತಡೆಯುವುದಿಲ್ಲ? ಆಕೆ ಈ ಸಂಗತಿಯನ್ನು ಪತಿ ರಾಲಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: 'ಯಾವಾಗ?'

1980ರ ಏಪ್ರಿಲ್ 12ರಂದು ಓಟ ಆರಂಭವಾಯಿತು. ಬಾಲ್ಯದ ಗೆಳೆಯ ಡಗ್ ಆಲ್ವರ್ಡ್ ವ್ಯಾನು ನಡೆಸುತ್ತಿದ್ದ, ಅಡುಗೆಯನ್ನೂ ಮಾಡುತ್ತಿದ್ದ. ಕೆಲವೇ ವಾರಗಳಲ್ಲಿ ದಣಿವಿನಿಂದ ಇಬ್ಬರಿಗೂ ಮನಸ್ತಾಪ ಬಂದು ಮಾತೇ ನಿಂತಿತು. ಆಗ ತಂದೆತಾಯಿ ಅಷ್ಟು ದೂರ ಬಂದು ಸಮಾಧಾನ ಮಾಡಿದರು. ಬಳಿಕ ತಮ್ಮ ಡ್ಯಾರೆಲ್ ಜೊತೆಗೂಡಿದ. 143 ದಿನಗಳಲ್ಲಿ 5,373 ಕಿಲೋಮೀಟರ್ ಕ್ರಮಿಸಿದ ಮೇಲೆ, ಸೆಪ್ಟೆಂಬರ್ 1ರಂದು, ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ ಓಟ ನಿಲ್ಲಿಸಬೇಕಾಯಿತು. 1981ರ ಜೂನ್ 28ರಂದು, 22ನೇ ವಯಸ್ಸಿನಲ್ಲಿ, ಟೆರ್ರಿ ತೀರಿಕೊಂಡ. ಅಷ್ಟರಲ್ಲಿ ಕೆನಡಾದ ಪ್ರತಿಯೊಬ್ಬನಿಂದ ಒಂದು ಡಾಲರ್ ಎಂಬ ಅವನ ಗುರಿ ಈಡೇರಿ, ಸಂಗ್ರಹ 2.4 ಕೋಟಿ ಡಾಲರ್ ದಾಟಿತ್ತು. ಅವನ ಹೆಸರಿನ ಓಟಗಳು ಇಂದಿಗೂ ನಡೆಯುತ್ತಿವೆ.

ಆ ಸಾಹಸ ಎಲ್ಲರಿಗೂ ಆಗುವಂಥದಲ್ಲ. ನಾವು ಕಲಿಯಬೇಕಾದದ್ದು ಅದರ ಹಿಂದಿನ ಮನೆಯನ್ನು ನೋಡಿ. ತಾಯಿಯ ಆತಂಕ, ತಂದೆಯ ಪ್ರಶ್ನೆ, ತಮ್ಮನ ನೆರವು, ಗೆಳೆಯನ ಅಡುಗೆ ಇಲ್ಲದಿದ್ದರೆ ಆ ಓಟ ಅಷ್ಟು ದೂರ ಸಾಗುತ್ತಿರಲಿಲ್ಲ.

ಮನೆಯ ಪಂಚಾಂಗ

'ಯಾವಾಗ?' ಎಂಬ ಪ್ರಶ್ನೆಗೆ ನಮ್ಮ ಕಡೆ ಉತ್ತರ ಹುಡುಕಬೇಕಾದರೆ ಎರಡು ಪಂಚಾಂಗ ನೋಡಬೇಕು. ಒಂದು ಶಾಲೆಯದು, ಇನ್ನೊಂದು ಮನೆಯದು. ಎಸ್ಸೆಸ್ಸೆಲ್ಸಿ, ಪಿಯುಸಿ ಓದುವವರು ಪರೀಕ್ಷೆಯ ವರ್ಷ ಹೊರಡದಿರುವುದೇ ಲೇಸು. ಬೇರೆಯವರಿಗೆ ದಸರಾ ರಜೆ ಇದೆ, ಬೇಸಿಗೆ ರಜೆ ಇದೆ. ಆದರೆ ಮನೆಯ ಪಂಚಾಂಗಕ್ಕೆ ರಜೆ ಗೊತ್ತಿಲ್ಲ. ಗುಂಡ್ಲುಪೇಟೆ ಕಡೆ ಚೆಂಡು ಹೂ ಅರಳಿದಾಗ ಕೊಯ್ಯಲೇಬೇಕು. ಅರಿಶಿನ ಕೀಳುವ ಕಾಲಕ್ಕೆ ಆಳು ಸಿಗುವುದು ಕಷ್ಟ. ರೇಷ್ಮೆ ಸಾಕುವ ಮನೆಯಲ್ಲಂತೂ ನಾಲ್ಕನೇ ಜ್ವರದಿಂದ ಎದ್ದ ಹುಳುಗಳಿಗೆ ಸೊಪ್ಪು ಹಾಕಿ ಪೂರೈಸುವುದಿಲ್ಲ. ಆ ವಾರ ಮನೆಯ ಒಂದು ಜೊತೆ ಕೈ ಕಡಿಮೆಯಾದರೆ ಆಗುವ ನಷ್ಟ ಚಂದ್ರಿಕೆಯ ಮೇಲೆ ಕಾಣುತ್ತದೆ.

ಆದ್ದರಿಂದ ದಿನಾಂಕ ಗೊತ್ತುಮಾಡುವ ಮೊದಲು ತಂದೆತಾಯಿಯೊಡನೆ ಕೂತು ಮಾತನಾಡಿ. ನೀವಿಲ್ಲದ ಎಂಟು ದಿನ ಹಾಲು ಯಾರು ಹಾಕುತ್ತಾರೆ, ನೀರು ಯಾರು ಕಟ್ಟುತ್ತಾರೆ ಎಂದು ಬರೆದಿಡಿ. ಇದಕ್ಕೆ ನಮ್ಮ ಹಳ್ಳಿಗಳಲ್ಲೇ ಒಂದು ಒಳ್ಳೆಯ ಪದ್ಧತಿ ಇದೆ: ಮುಯ್ಯಾಳು. ಪಕ್ಕದ ಮನೆಯ ಗೆಳೆಯ ನಿಮ್ಮ ಎಂಟು ದಿನದ ಕೆಲಸ ಮಾಡಿದರೆ, ನೀವು ಅವನ ಮನೆಯಲ್ಲಿ ಎಂಟು ದಿನ ದುಡಿದು ಮುಯ್ಯಿ ತೀರಿಸಿ. ಅದರಲ್ಲಿ ಅರ್ಧವನ್ನು ಹೊರಡುವ ಮೊದಲೇ ತೀರಿಸಿದರೆ ಇನ್ನೂ ಒಳ್ಳೆಯದು. ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋಗುವವರನ್ನು ಕೇಳಿನೋಡಿ. ರಾಸು ಯಾರ ವಶ, ಹೊಲ ಯಾರ ವಶ ಎಂದು ನಿಕ್ಕಿಯಾದ ಮೇಲೆಯೇ ಮಾದಪ್ಪನ ಭಕ್ತರು ಮನೆಯ ಹೊಸಿಲು ದಾಟುವುದು.

ಕಾಲೇಜಿನ ದಾರಿಯಲ್ಲೇ ಅಭ್ಯಾಸ

'ಅಟ್ಟಕ್ಕೆ ಹಾರದವನು ಬೆಟ್ಟಕ್ಕೆ ಹಾರ್ಯಾನೆ?' ಎನ್ನುತ್ತಾರೆ. 600 ಕಿಲೋಮೀಟರ್‌ಗಳನ್ನು ಎಂಟು ದಿನಗಳಲ್ಲಿ ಮುಗಿಸಬೇಕಾದರೆ ದಿನಕ್ಕೆ 75 ಕಿಲೋಮೀಟರ್. ಗಂಟೆಗೆ 15ರಂತೆ ತುಳಿದರೂ ಐದು ಗಂಟೆ ಸೀಟಿನ ಮೇಲೆ ಕೂರಬೇಕು. ಒಂದು ದಿನ ಇದು ಸುಲಭ. ಮರುದಿನ, ಅದರ ಮರುದಿನ ಮೈಕೈ ನೋವಿನಲ್ಲಿ ಮತ್ತೆ ಏರಿ ಕೂರುವುದೇ ನಿಜವಾದ ಪರೀಕ್ಷೆ.

ಅಭ್ಯಾಸಕ್ಕೆ ಬೇರೆ ಹೊತ್ತು ಹುಡುಕಬೇಡಿ. ಬಸ್ಸು ಬಿಟ್ಟು ಸೈಕಲ್ಲಿನಲ್ಲೇ ಕಾಲೇಜಿಗೆ ಹೋಗಿಬಂದರೆ ಅರ್ಧ ತಯಾರಿ ಆದಂತೆಯೇ. ಬಸ್ಸಿನ ಹಣವೂ ಉಳಿಯುತ್ತದೆ. ವಾರಕ್ಕೆ ತುಳಿಯುವ ದೂರವನ್ನು ಹತ್ತರಲ್ಲಿ ಒಂದು ಪಾಲಿನಂತೆ ಮಾತ್ರ ಹೆಚ್ಚಿಸುತ್ತ ಹೋಗಿ. ಒಮ್ಮೆಲೇ ಹೆಚ್ಚಿಸಿದರೆ ಮಂಡಿ ಹಿಡಿಯುತ್ತದೆ. ಎರಡು ವಾರಕ್ಕೊಂದು ಭಾನುವಾರ ದೂರದ ಸವಾರಿ ಇಟ್ಟುಕೊಳ್ಳಿ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಸುಮಾರು 35 ಕಿಲೋಮೀಟರ್. ಹೋಗಿ ಬಂದರೆ ಯಾತ್ರೆಯ ಒಂದು ದಿನದ ಅಂದಾಜು ಸಿಗುತ್ತದೆ. ಓದಿಗೆಂದು ಇಟ್ಟ ಹೊತ್ತನ್ನು ಮಾತ್ರ ಮುಟ್ಟಬೇಡಿ. ರಾತ್ರಿ ಒಂಬತ್ತೂವರೆಗೆ ಮಲಗಿದರೆ ಐದಕ್ಕೆ ಏಳುವುದು ಕಷ್ಟವಲ್ಲ. ನಿದ್ದೆಗೆಟ್ಟು ಮಾಡಿದ ಅಭ್ಯಾಸ ಕಾಲಿಗೂ ಹತ್ತುವುದಿಲ್ಲ, ತಲೆಗೂ ಹತ್ತುವುದಿಲ್ಲ.

ಊಟಕ್ಕೆ ದುಬಾರಿ ಪುಡಿಗಳೇನೂ ಬೇಡ. ಮನೆಯ ಮುದ್ದೆ, ಸೊಪ್ಪಿನ ಸಾರು, ದಾರಿಗೆ ಬಾಳೆಹಣ್ಣು, ಕಡಲೆಕಾಯಿ, ಬೆಲ್ಲ, ಉಪ್ಪು ಬೆರೆಸಿದ ಮಜ್ಜಿಗೆ ಸಾಕು. ಪಂಕ್ಚರ್ ಹಾಕುವುದು, ಚೈನು ಕೂರಿಸುವುದು, ಬ್ರೇಕ್ ಬಿಗಿ ಮಾಡುವುದನ್ನು ಊರಿನ ಸೈಕಲ್ ಷಾಪಿನಲ್ಲಿ ಒಂದೆರಡು ದಿನ ನಿಂತು ಎಲ್ಲರೂ ಕಲಿತಿರಬೇಕು.

ಯಾರ ದುಡ್ಡಿನಲ್ಲಿ ಪ್ರಯಾಣ?

ಇನ್ನು ಹಣದ ಮಾತು. ಆರು ಮಂದಿ ಎಂಟು ದಿನ ಹೋಗುತ್ತಾರೆನ್ನಿ. ಊಟ, ತಿಂಡಿ, ರಿಪೇರಿಗೆಂದು ಒಬ್ಬನಿಗೆ ದಿನಕ್ಕೆ 250 ರೂಪಾಯಿ ಹಿಡಿದರೂ 12,000 ರೂಪಾಯಿ ಬೇಕು. ಜನರಿಂದ 15,000 ರೂಪಾಯಿ ಕೂಡಿಸಿ ಖರ್ಚನ್ನು ಅದರಲ್ಲೇ ಕಳೆದರೆ ಗ್ರಂಥಾಲಯಕ್ಕೆ ಉಳಿಯುವುದು 3,000 ಮಾತ್ರ! ಕೊಟ್ಟವರು ಪುಸ್ತಕಕ್ಕೆಂದು ಕೊಟ್ಟರು, ಅದು ಹೋಟೆಲಿಗೆ ಹೋಯಿತು. ಇದು ನ್ಯಾಯವೆ? ಅದರ ಬದಲು ಒಬ್ಬೊಬ್ಬರೂ ಆರು ತಿಂಗಳು ದಿನಕ್ಕೆ ಹನ್ನೊಂದು ಹನ್ನೆರಡು ರೂಪಾಯಿ ಉಳಿಸಿದರೆ ತಮ್ಮ ಪಾಲಿನ ಖರ್ಚು ತಾವೇ ಭರಿಸಬಹುದು. ಆಗ ಜನ ಕೊಟ್ಟ ಪೂರ್ತಿ ಹಣ ಪುಸ್ತಕಕ್ಕೆ ಸಲ್ಲುತ್ತದೆ.

ಸ್ವಂತ ದುಡಿಮೆಯಲ್ಲಿ ಯಾತ್ರೆ ಮಾಡಿದವರು ನಮ್ಮ ನೆರೆಯಲ್ಲೇ ಇದ್ದಾರೆ. ಮೈಸೂರಿನ ಡಿ. ಕೃಷ್ಣಕುಮಾರ್ 2018ರ ಜನವರಿಯಲ್ಲಿ ತಾಯಿ ಚೂಡಾರತ್ನ ಅವರನ್ನು ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ಕೂರಿಸಿಕೊಂಡು ದೇಶಯಾತ್ರೆ ಹೊರಟರು. ನೌಕರಿಯಲ್ಲಿದ್ದಾಗ ಉಳಿಸಿದ ಹಣವೇ ಅದಕ್ಕೆ ಬಂಡವಾಳ. ಅದು ಸಹಾಯನಿಧಿಯ ಯಾತ್ರೆಯಲ್ಲ, ತಾಯಿಯ ಸೇವೆ. ಆದರೆ ಮೊದಲು ಉಳಿಸಿ ಆಮೇಲೆ ಹೊರಡಬೇಕೆಂಬ ಪಾಠ ಎಲ್ಲ ಯಾತ್ರೆಗೂ ಒಂದೇ.

ನಿಧಿ ಸಂಗ್ರಹಕ್ಕೆಂದೇ ದೇಶ ಸುತ್ತಿದವರಲ್ಲಿ ಗಾಂಧೀಜಿಯವರನ್ನು ಮರೆಯುವಂತಿಲ್ಲ. 1933ರ ನವೆಂಬರ್‌ನಲ್ಲಿ ವಾರ್ಧಾದಿಂದ ಹೊರಟ ಅವರ ಹರಿಜನ ಯಾತ್ರೆ ಒಂಬತ್ತು ತಿಂಗಳಲ್ಲಿ ಸುಮಾರು 12,500 ಮೈಲಿ ಕ್ರಮಿಸಿ ಎಂಟು ಲಕ್ಷ ರೂಪಾಯಿಯಷ್ಟು ನಿಧಿ ಕೂಡಿಸಿತು. 1934ರ ಜನವರಿಯಲ್ಲಿ ಮಲಬಾರಿನ ಬಡಗರದಲ್ಲಿ 16 ವರ್ಷದ ಕೌಮುದಿ ಎಂಬ ಹುಡುಗಿ ವೇದಿಕೆಗೆ ಬಂದು ತನ್ನ ಬಳೆ, ಸರ, ಓಲೆಗಳನ್ನು ಬಿಚ್ಚಿ ಕೊಟ್ಟಳು. ತಂದೆತಾಯಿಯ ಒಪ್ಪಿಗೆ ಇದೆಯೇ ಎಂದು ಗಾಂಧೀಜಿ ಆಕೆಯನ್ನು ಕೇಳಿದರು. ಕೊಟ್ಟ ಒಡವೆಗೆ ಬದಲಾಗಿ ಹೊಸದನ್ನು ಮನೆಯಲ್ಲಿ ಕೇಳಬಾರದೆಂಬುದು ಅವರ ಷರತ್ತು. ಕೌಮುದಿ ಒಪ್ಪಿದಳು. ಮಕ್ಕಳ ತ್ಯಾಗ ತಂದೆಯ ಸಾಲವಾಗಬಾರದೆಂಬ ಎಚ್ಚರ ಎಷ್ಟು ದೊಡ್ಡದು ನೋಡಿ!

ಲೆಕ್ಕವೂ ಹಾಗೆಯೇ. ಒಬ್ಬ ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ ರಸೀತಿ ಪುಸ್ತಕ ಇಡಿ. ಹತ್ತು ರೂಪಾಯಿ ಕೊಟ್ಟವರಿಗೂ ರಸೀತಿ ಕೊಡಿ. ಹಿಂದಿರುಗಿದ ವಾರದೊಳಗೆ ಜಮಾ ಖರ್ಚನ್ನು ಶಾಲೆಯ ಫಲಕದಲ್ಲಿ ಅಂಟಿಸಿ.

ದಾರಿಯ ಎಚ್ಚರ

ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಹಗಲಲ್ಲೂ ಅದು ಆನೆ, ಹುಲಿಗಳ ಮನೆಯೇ. ಕಾಡಿನ ದಾರಿ ಹಿಡಿಯುವುದಾದರೆ ಅರಣ್ಯ ಇಲಾಖೆಯವರನ್ನು ಮೊದಲೇ ವಿಚಾರಿಸಿ, ಅವರು ಬೇಡವೆಂದರೆ ಬೇರೆ ದಾರಿ ನೋಡಿ. ಲಾರಿಗಳು ಓಡಾಡುವ ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರು ಸಾಗಬೇಕು. ಕತ್ತಲಾಗುವ ಮೊದಲೇ ತಂಗುದಾಣ ಸೇರಬೇಕು. ಚಿಕ್ಕವರೊಡನೆ ಒಬ್ಬ ಹಿರಿಯರಿರಬೇಕು. ಪ್ರತಿ ಸಂಜೆ ಮನೆಗೆ ಫೋನ್ ಮಾಡುವುದನ್ನು ನಿಯಮವಾಗಿಸಿ.

ಹಿರಿಯರಿಗೊಂದು ಮಾತು

ಮಕ್ಕಳು ಇಂಥ ಆಸೆ ಹೇಳಿಕೊಂಡಾಗ ತಂದೆತಾಯಿಗೆ ಭಯವಾಗುವುದು ಸಹಜ. 'ಬೇಡ' ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. 'ಯಾವಾಗ?', 'ಯಾರ ಜೊತೆ?', 'ಯಾರ ದುಡ್ಡಿನಲ್ಲಿ?' ಎಂದು ಕೇಳಿದರೆ ಮಕ್ಕಳೇ ಲೆಕ್ಕ ಹಾಕತೊಡಗುತ್ತಾರೆ. ಮೂರು ತಿಂಗಳು ತಪ್ಪದೆ ಐದಕ್ಕೆ ಎದ್ದು, ಹಾಲು ಹಾಕಿ, ಪಾಠ ಓದಿ, ಸೈಕಲ್ ತುಳಿದವನನ್ನು ನಂಬಬಹುದು. ನಾಲ್ಕೇ ದಿನಕ್ಕೆ ಬಿಟ್ಟವನಿಗೆ ನೀವು 'ಬೇಡ' ಎನ್ನುವ ಪ್ರಸಂಗವೇ ಬರುವುದಿಲ್ಲ. ಹೆಣ್ಣುಮಕ್ಕಳಿಗೂ ಇದೇ ಅಳತೆ ಇರಲಿ. ಆಕೆ ಅಭ್ಯಾಸಕ್ಕೆ ಹೋದ ಹೊತ್ತು ಅಣ್ಣತಮ್ಮಂದಿರು ಪಾತ್ರೆ ತೊಳೆದರೆ ಯಾರ ಗೌರವವೂ ಕಡಿಮೆಯಾಗುವುದಿಲ್ಲ.

ಕೊನೆಗೆ ಜ್ವರವೋ ಮಳೆಯೋ ಬಂದು ಹೊರಡುವುದು ಮುಂದಕ್ಕೆ ಹೋದರೂ ಬೇಸರಬೇಡ. ಕೂಡಿಸಿದ ಹಣ ಶಾಲೆಗೆ ಸೇರುತ್ತದೆ, ಗಳಿಸಿದ ಶಿಸ್ತು ಮೈಯಲ್ಲಿ ಉಳಿಯುತ್ತದೆ. ಸೈಕಲ್ಲಂತೂ ನಾಳೆ ಬೆಳಿಗ್ಗೆ ಡೇರಿಗೆ ಹಾಲು ಒಯ್ಯಲು ಹೇಗೂ ಬೇಕು!