ನಿಮಗಿದು ಗೊತ್ತೇ? ಹಾಲಿವುಡ್ ಗೆದ್ದ ಪುಟಾಣಿ ಶರ್ಲಿ ಟೆಂಪಲ್

● ಶರ್ಲಿ ಹುಟ್ಟಿದ್ದು 1928ರ ಏಪ್ರಿಲ್ 23ರಂದು, ಅಮೆರಿಕದ ಸಾಂತಾ ಮೋನಿಕಾದಲ್ಲಿ. ಅಪ್ಪ ಬ್ಯಾಂಕ್ ನೌಕರ. ಅಮ್ಮ ಗರ್ಟ್ರೂಡ್ ಮಗಳನ್ನು ಮೂರನೇ ವಯಸ್ಸಿಗೇ ಲಾಸ್ ಏಂಜಲೀಸ್‌ನ ನೃತ್ಯಶಾಲೆಗೆ ಸೇರಿಸಿದರು.

● ಬಾಲನಟರನ್ನು ಹುಡುಕುತ್ತ ನಿರ್ದೇಶಕ ಚಾರ್ಲ್ಸ್ ಲ್ಯಾಮಾಂಟ್ ಆ ಶಾಲೆಗೆ ಬಂದಾಗ ಶರ್ಲಿ ಪಿಯಾನೊ ಹಿಂದೆ ಅವಿತುಕೊಂಡಳು. ಅವರ ಕಣ್ಣಿಗೆ ಬಿದ್ದದ್ದು ಅವಳೇ!

● ಮೊದಲು ನಟಿಸಿದ್ದು 'ಬೇಬಿ ಬರ್ಲೆಸ್ಕ್ಸ್' ಕಿರುಚಿತ್ರಗಳಲ್ಲಿ. ಮಾತು ಕೇಳದ ಮಕ್ಕಳನ್ನು ಅಲ್ಲಿ ಕತ್ತಲ ಪೆಟ್ಟಿಗೆಯೊಳಗೆ ಮಂಜುಗಡ್ಡೆಯ ಮೇಲೆ ಕೂರಿಸುತ್ತಿದ್ದರು. ಶರ್ಲಿಯೇ ಮುಂದೆ ಆತ್ಮಕತೆಯಲ್ಲಿ ಇದನ್ನು ಬರೆದರು.

● 1933ರಲ್ಲಿ ಆ ಕಿರುಚಿತ್ರಗಳ ಕಂಪನಿ ದಿವಾಳಿಯಾಯಿತು. ಅಪ್ಪ ಬರೀ 25 ಡಾಲರ್ ಕೊಟ್ಟು ಮಗಳ ಕರಾರುಪತ್ರವನ್ನು ಬಿಡಿಸಿಕೊಂಡರು.

● ಅದೃಷ್ಟ ಖುಲಾಯಿಸಿದ್ದು 1934ರಲ್ಲಿ. ಫಾಕ್ಸ್ ಸಂಸ್ಥೆಯ 'ಸ್ಟ್ಯಾಂಡ್ ಅಪ್ ಆ್ಯಂಡ್ ಚಿಯರ್' ಚಿತ್ರದಲ್ಲಿ ಅವಳದೊಂದು ಹಾಡು ಕುಣಿತವಿತ್ತು. ನೋಡಿದವರೆಲ್ಲ ಮರುಳಾದರು. ವರ್ಷದ ಕೊನೆಗೆ ಬಂದ 'ಬ್ರೈಟ್ ಐಸ್' ಅವಳಿಗಾಗಿಯೇ ಹೆಣೆದ ಚಿತ್ರ.

● ಅವಳ ಗುಂಗುರು ಕೂದಲು ಅಮ್ಮನ ಕೈಕೆಲಸ. ಎಣಿಸಿ 56 ಸುರುಳಿ! ರಾತ್ರಿ ಮಲಗುವಾಗ ಅಮ್ಮ ಸ್ಕ್ರಿಪ್ಟ್ ಓದಿ ಹೇಳುತ್ತಿದ್ದರು. ಓದಲು ಬರುವ ಮೊದಲೇ ಅವಳಿಗೆ ಉಳಿದವರ ಸಂಭಾಷಣೆಯೂ ಬಾಯಿಪಾಠ.

● ಸ್ಟುಡಿಯೋದವರು ಅವಳ ವಯಸ್ಸಿನಲ್ಲಿ ಒಂದು ವರ್ಷ ಕಡಿಮೆ ಹೇಳಿಕೊಂಡು ಬಂದಿದ್ದರು. ತನಗೆ ಹನ್ನೆರಡಲ್ಲ, ಹದಿಮೂರು ಎಂಬುದು ಶರ್ಲಿಗೆ ಗೊತ್ತಾದದ್ದು ಆ ಹುಟ್ಟುಹಬ್ಬದ ಹೊತ್ತಿಗೆ!

● 1935ರ ಫೆಬ್ರವರಿಯಲ್ಲಿ, ಏಳು ತುಂಬುವ ಮೊದಲೇ, ಬಾಲನಟರಿಗಾಗಿ ಮೀಸಲಾದ ಮೊಟ್ಟಮೊದಲ ಆಸ್ಕರ್ ಅವಳದಾಯಿತು. ಪುರಸ್ಕಾರದ ಬೊಂಬೆಯೂ ಅವಳಂತೆಯೇ ಪುಟ್ಟದು.

● ಅದೇ ವರ್ಷ 'ದಿ ಲಿಟಲ್ ಕರ್ನಲ್' ಚಿತ್ರದಲ್ಲಿ ಕಪ್ಪು ಕಲಾವಿದ ಬಿಲ್ ರಾಬಿನ್ಸನ್ ಜೊತೆ ಮೆಟ್ಟಿಲ ಮೇಲೆ ಕುಣಿದಳು. ಇಬ್ಬರೂ ಕೈ ಹಿಡಿದುಕೊಂಡ ದೃಶ್ಯಕ್ಕೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕತ್ತರಿ ಬಿತ್ತು. ಅವರ ಸ್ನೇಹಕ್ಕೆ ಮಾತ್ರ ಯಾವ ಕತ್ತರಿಯೂ ತಾಗಲಿಲ್ಲ.

● 1935ರಿಂದ 1938ರವರೆಗೆ, ಸತತ ನಾಲ್ಕು ವರ್ಷ, ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಅವಳೇ ನಂಬರ್ ಒನ್.

● ಗಳಿಸಿದ್ದು ಸುಮಾರು 32 ಲಕ್ಷ ಡಾಲರ್. ದೊಡ್ಡವಳಾಗಿ ಲೆಕ್ಕ ನೋಡಿದಾಗ ಉಳಿದದ್ದು ಸುಮಾರು 44 ಸಾವಿರ ಮಾತ್ರ. ಆದರೂ ಹಣ ನೋಡಿಕೊಂಡಿದ್ದ ಹೆತ್ತವರನ್ನು ಶರ್ಲಿ ದೂರಲಿಲ್ಲ.

● 22ನೇ ವಯಸ್ಸಿಗೆ ಸಿನಿಮಾ ಬಿಟ್ಟ ಇದೇ ಶರ್ಲಿ ಮುಂದೆ ಘಾನಾ ಮತ್ತು ಜೆಕೊಸ್ಲೊವಾಕಿಯಾಕ್ಕೆ ಅಮೆರಿಕದ ರಾಯಭಾರಿಯಾದರು.

ಮಕ್ಕಳನ್ನು ಕ್ಯಾಮೆರಾ ಮುಂದೆ ನಿಲ್ಲಿಸುವ ಅಪ್ಪ ಅಮ್ಮಂದಿರೇ, ಅವರ ದುಡಿಮೆಯ ಹಣವನ್ನು ಅವರ ಹೆಸರಿನಲ್ಲೇ ಜೋಪಾನವಾಗಿಡಿ; ಆಟಪಾಠದ ಹೊತ್ತನ್ನು ಅವರಿಗೇ ಬಿಟ್ಟುಕೊಡಿ.