ಎರಡು ತಲೆಯ ಹಸುವೂ ನಾಲ್ಕು ವರ್ಷಗಳ ನಿರೀಕ್ಷೆಯೂ

ಹೋಟೆಲಿನ ಗಲ್ಲಾದಲ್ಲಿ ಕುಳಿತವನನ್ನು ಲೋಕದ ಸುದ್ದಿಯೆಲ್ಲ ತಾನಾಗಿಯೇ ಹುಡುಕಿಕೊಂಡು ಬರುತ್ತದೆ. ಶೇರುಪೇಟೆಯ ಏರಿಳಿತ, ಕ್ರಿಕೆಟ್ಟಿನ ಓಟಗಳು, ಊರಿಗೆ ಹೋಗುವ ಬಸ್ಸಿನ ದರ, ಇವೆಲ್ಲವೂ ಅರ್ಧ ಚಹಾದೊಡನೆ ಧರ್ಮಕ್ಕೆ ದೊರೆಯತಕ್ಕ ವಸ್ತುಗಳು. ಆದರೆ 2007ರ ಜೂನ್ ತಿಂಗಳ ಒಂದು ಮಳೆಯ ಸಂಜೆ ನಮ್ಮ ಗಲ್ಲಾದ ಮುಂದೆ ಬಂದು ನಿಂತ ಸುದ್ದಿಯು ಆ ಬಗೆಯದಾಗಿರಲಿಲ್ಲ. ಆಗ ಹದಿನಾರರ ಹರೆಯದವನಾಗಿದ್ದ ನಮ್ಮ ಸೋದರಳಿಯನು ಕೊಡೆಯನ್ನು ಮಡಚುವಷ್ಟೂ ವ್ಯವಧಾನವಿಲ್ಲದೆ ಒಳಗೆ ನುಗ್ಗಿ, “ಮಾವಾ, ಬರುತ್ತದಂತೆ! ಕೊನೆಗೂ ಬರುತ್ತದಂತೆ!” ಎಂದು ಉದ್ಗರಿಸಿದನು. ಊರಿನಿಂದ ಅಕ್ಕನವರ ಪಾರ್ಸೆಲು ಬರುವುದೆಂದು ನಾವು ಭಾವಿಸಿದೆವು. ಬರುವುದಿದ್ದುದು ಒಂದು ವಿಡಿಯೋ ಆಟ.

ಆಟದ ಹೆಸರು ‘ಫಾಲ್‌ಔಟ್ 3’. ಅಣುಬಾಂಬು ಸಿಡಿದ ತರುವಾಯ ಆಕಾಶದಿಂದ ಉದುರುವ ವಿಷದ ಧೂಳಿಗೆ ಇಂಗ್ಲಿಷರು ಕೊಟ್ಟ ಹೆಸರದು. ಜೂನ್ 5ರಂದು ಅದರ ಮುನ್ನೋಟದ ಒಂದು ಕಿರುಚಿತ್ರವು ಹೊರಬಿದ್ದಿತ್ತು. ಅದನ್ನು ನೋಡಲೇಬೇಕೆಂದು ಅವನು ಹಟ ಹಿಡಿದುದರಿಂದ, ರಾತ್ರಿ ಶಟರು ಎಳೆದ ಮೇಲೆ ನಾವೂ ನೋಡಿದೆವು. ಹಳೆಯ ಕಾಲದ ಒಂದು ರೇಡಿಯೋ. ಅದರ ಕಣ್ಣು ಮಿಣುಕುತ್ತಿದೆ. ಇಂಕ್ ಸ್ಪಾಟ್ಸ್ ಎಂಬ ನೀಗ್ರೋ ಗಾಯಕರ ತಂಡವು 1941ರಲ್ಲಿ ಹಾಡಿದ ಪ್ರೇಮಗೀತವೊಂದು ಅದರಿಂದ ಕೇಳಿಬರುತ್ತಿದೆ. ನೋಟವು ಮೆಲ್ಲಗೆ ಹಿಂದೆ ಸರಿಯುತ್ತದೆ. ರೇಡಿಯೋ ಇರುವುದು ಒಂದು ಮುರಿದ ಬಸ್ಸಿನೊಳಗೆ. ಬಸ್ಸು ಇರುವುದು ಹಾಳುಬಿದ್ದ ಬೀದಿಯಲ್ಲಿ. ಬೀದಿಯು ವಾಷಿಂಗ್ಟನ್ ನಗರದ್ದು. ಕೊನೆಗೆ ಉಕ್ಕಿನ ಕವಚ ತೊಟ್ಟ ಯೋಧನೊಬ್ಬನು ತಿರುಗಿ ನೋಡುತ್ತಾನೆ. ಅಷ್ಟೇ. ಆಟವಾಡಿದುದನ್ನು ಒಂದು ಕ್ಷಣವೂ ತೋರಿಸಿರಲಿಲ್ಲ. ಆದರೂ ಅಳಿಯನು ಅದನ್ನು ಆ ರಾತ್ರಿ ಎಷ್ಟು ಸಲ ನೋಡಿದನೆಂಬುದನ್ನು ನಾವು ಎಣಿಸಲಿಲ್ಲ.

ಈ ಆತುರದ ಹಿಂದಿನ ಕಥೆಯನ್ನು ಹೇಳದಿದ್ದರೆ ವಾಚಕರಿಗೆ ವಿಷಯವು ಮನದಟ್ಟಾಗದು. ಮೊದಲನೆಯ ‘ಫಾಲ್‌ಔಟ್’ ಬಂದುದು 1997ರಲ್ಲಿ, ಇಂಟರ್‌ಪ್ಲೇ ಎಂಬ ಅಮೇರಿಕದ ಕಂಪೆನಿಯಿಂದ. 2077ರ ಅಕ್ಟೋಬರ್ 23ರಂದು ಅಮೇರಿಕಕ್ಕೂ ಚೀನಕ್ಕೂ ಅಣುಯುದ್ಧವಾಗಿ ಲೋಕವು ಸುಟ್ಟು ಬೂದಿಯಾಯಿತೆಂದೂ, ನೆಲದಡಿಯ ಉಕ್ಕಿನ ನೆಲಮಾಳಿಗೆಗಳಲ್ಲಿ ಅಡಗಿದವರ ಸಂತತಿಯು ಬಹುಕಾಲದ ಮೇಲೆ ಹೊರಗೆ ಬರುವುದೆಂದೂ ಅದರ ಕಲ್ಪನೆ. 1998ರಲ್ಲಿ ಎರಡನೆಯದು ಬಂತು. ಮೂರನೆಯದು ಅರ್ಧ ಸಿದ್ಧವಾಗಿದ್ದಾಗಲೇ ಇಂಟರ್‌ಪ್ಲೇಯ ಹಣದ ಸ್ಥಿತಿ ಕೆಟ್ಟು, 2003ರ ಡಿಸೆಂಬರಿನಲ್ಲಿ ಆಟ ಕಟ್ಟುತ್ತಿದ್ದ ವಿಭಾಗವನ್ನೇ ಮುಚ್ಚಬೇಕಾಯಿತು. 2004ರಲ್ಲಿ ಮೇರಿಲ್ಯಾಂಡಿನ ಬೆಥೆಸ್ಡಾ ಕಂಪೆನಿಯು ಮೂರನೆಯ ಆಟವನ್ನು ಮಾಡುವ ಹಕ್ಕನ್ನು ಪಡೆಯಿತು; 2007ರಲ್ಲಿ 57 ಲಕ್ಷ 50 ಸಾವಿರ ಡಾಲರು ತೆತ್ತು ಹೆಸರನ್ನೇ ಕೊಂಡಿತು.

ಇಲ್ಲಿ ನಮಗೆ ನಮ್ಮ ಕಸುಬಿನ ಮಾತು ನೆನಪಿಗೆ ಬಾರದಿರದು. ಮುಂಬಯಿಯಲ್ಲಿ ನಡೆಯುತ್ತಿರುವ ಹೋಟೆಲು ಕೈ ಬದಲಾಯಿಸಿದಾಗ ಏನಾಗುತ್ತದೆಂಬುದನ್ನು ನಮ್ಮವರಿಗೆ ವಿವರಿಸಬೇಕಾದುದಿಲ್ಲ. ಹೊಸ ಧಣಿಯು ಬೋರ್ಡನ್ನು ಹಾಗೆಯೇ ಇಡುತ್ತಾನೆ, ಏಕೆಂದರೆ ಅವನು ಹಣ ಕೊಟ್ಟುದೇ ಬೋರ್ಡಿಗೆ. ಗೋಡೆಗೆ ಬಣ್ಣ ಹೊಡೆಸುತ್ತಾನೆ, ಮೇಜಿಗೆ ಕಲ್ಲು ಹಾಕಿಸುತ್ತಾನೆ. ಹಳೆಯ ಗಿರಾಕಿಯಾದರೋ ಬಂದು ಕುಳಿತು, ಗೋಡೆಯ ಕಡೆಗೆ ನೋಡದೆ, ಸಾಂಬಾರನ್ನು ನಾಲಗೆಗೆ ಹಚ್ಚಿ ಮುಖವನ್ನು ಗಂಭೀರ ಮಾಡಿಕೊಳ್ಳುತ್ತಾನೆ. ನಾವು ಹೋಟೆಲನ್ನು ಕೊಂಡವರೂ ಹೌದು, ಮುಂದೊಂದು ದಿನ ಮಾರಿದವರೂ ಹೌದು. ಆ ಗಂಭೀರ ಮುಖಕ್ಕೆ ಧಣಿಯಾದವನು ಎಷ್ಟು ಅಂಜುವನೆಂಬುದನ್ನು ಬಲ್ಲೆವು.

‘ಫಾಲ್‌ಔಟ್’ನ ಹಳೆಯ ಗಿರಾಕಿಗಳ ಮುಖವೂ ಹಾಗೆಯೇ ಇತ್ತು. ಅವರ ಸಂಶಯವು ಎರಡು ವಿಷಯಗಳನ್ನು ಕುರಿತದ್ದು: ಒಂದು ಚಿತ್ರ, ಅಂದರೆ ಈಗಿನವರು ಗ್ರಾಫಿಕ್ಸ್ ಎನ್ನುವುದು, ಇನ್ನೊಂದು ಕಾಳಗ.

ಹಳೆಯ ಆಟದಲ್ಲಿ ಲೋಕವನ್ನು ಮೇಲಿನಿಂದ, ಮಾಳಿಗೆಯ ಮೂಲೆಯಿಂದ ಅಂಗಳವನ್ನು ನೋಡಿದಂತೆ ಓರೆಯಾಗಿ ನೋಡಬೇಕಾಗಿತ್ತು. ಮನುಷ್ಯರೆಂದರೆ ಹೆಬ್ಬೆರಳಿನಷ್ಟು. ಬೆಥೆಸ್ಡಾದವರು ಆಟಗಾರನನ್ನು ಅಂಗಳಕ್ಕೇ ಇಳಿಸುವೆವೆಂದರು. ಅವನ ಕಣ್ಣೇ ಆಟದ ಕಣ್ಣಾಗುವುದೆಂದರು. 2006ರಲ್ಲಿ ಅವರೇ ಹೊರತಂದ ‘ಆಬ್ಲಿವಿಯನ್’ ಎಂಬ ಖಡ್ಗ-ಮಂತ್ರಗಳ ಆಟಕ್ಕೆ ಬಳಸಿದ ಯಂತ್ರಕೌಶಲವನ್ನೇ ಇಲ್ಲಿಯೂ ಬಳಸಿದ್ದರು. ಆದುದರಿಂದ, ಆ ಆಟದವರ ಕೈಯಿಂದ ಖಡ್ಗ ಕಿತ್ತುಕೊಂಡು ಬಂದೂಕು ಕೊಡುವರು, ಅಷ್ಟೇ, ಎಂದು ಹಳಬರು ಮೂದಲಿಸತೊಡಗಿದರು. ನಮ್ಮ ಅಳಿಯನಂಥ ಹೊಸಬರಿಗಾದರೋ ಅದೇ ಮಹದಾಕರ್ಷಣೆ. ಬೆಥೆಸ್ಡಾದವರ ಕಾರ್ಯಾಲಯವು ವಾಷಿಂಗ್ಟನ್ನಿನ ಮಗ್ಗುಲಲ್ಲಿರುವ ರಾಕ್‌ವಿಲ್ ಪಟ್ಟಣದಲ್ಲಿತ್ತು. ನಿತ್ಯವೂ ಕಾಣುವ ನಗರವನ್ನೇ ಅವರು ಹಾಳುಗೆಡವಿ ಚಿತ್ರಿಸಿದ್ದರು. ಶಾಸನಸಭೆಯ ಗುಮ್ಮಟ, ಕಲ್ಲು ಕಳಚಿ ಒಳಗಿನ ಕಂಬಿ ಕಾಣುವ ವಾಷಿಂಗ್ಟನ್ ಸ್ಮಾರಕಸ್ತಂಭ, ಕತ್ತಲೆ ತುಂಬಿದ ಮೆಟ್ರೊ ಸುರಂಗಗಳು, ಇವನ್ನೆಲ್ಲ ಮೊದಲು ಕಾಗದದ ಮೇಲೆ ಬರೆದ ಕಲಾವಿದರಲ್ಲಿ ಆಡಮ್ ಆಡಮೊವಿಚ್ ಎಂಬಾತನು ಪ್ರಮುಖನು. 2012ರಲ್ಲಿ ತೀರಿಕೊಂಡ ಈತನ ರೇಖೆಗಳಲ್ಲಿ 1950ರ ಕಾಲದ ಅಮೇರಿಕದ ಫ್ರಿಜ್ಜು, ಮೋಟಾರು, ಜಾಹೀರಾತಿನ ನಗುಮುಖ, ಎಲ್ಲವೂ ಮಸಿ ಹಿಡಿದು ನಿಂತಿವೆ. 2008ರಲ್ಲಿ ವಾಷಿಂಗ್ಟನ್ನಿನ ಮೆಟ್ರೊ ಸೆಂಟರ್ ನಿಲ್ದಾಣದಲ್ಲಿಯೇ ಈ ಹಾಳುನಗರದ ದೊಡ್ಡ ಜಾಹೀರಾತುಗಳನ್ನು ಅಂಟಿಸಿದರು. ಕೆಲಸಕ್ಕೆ ಹೊರಟ ಗುಮಾಸ್ತನು ತನ್ನ ನಗರದ ಹೆಣವನ್ನು ನೋಡುತ್ತ ರೈಲು ಹತ್ತಬೇಕಾಯಿತು. ಇಂಥದೊಂದನ್ನು ಚರ್ಚ್‌ಗೇಟಿನಲ್ಲಿ ಅಂಟಿಸಿದ್ದರೆ ನಮ್ಮ ಜನ ಸುಮ್ಮನಿರುತ್ತಿದ್ದರೇ ಎಂಬುದು ಬೇರೆ ಮಾತು.

ಕಾಳಗದ ಜಗಳವು ಇನ್ನೂ ತೀಕ್ಷ್ಣವಾಗಿತ್ತು. ಹಳೆಯ ಆಟದ ಯುದ್ಧವು ಚದುರಂಗದಂತೆ ಸರದಿಯದು. ನೆಲವೆಲ್ಲ ಜೇನುಗೂಡಿನಂತೆ ಆರು ಮೂಲೆಯ ಮನೆಗಳು. ಪ್ರತಿಯೊಂದು ಸರದಿಗೂ ಆಟಗಾರನಿಗೆ ಇಂತಿಷ್ಟು ಅಂಕಗಳ ಬಂಡವಾಳ; ಒಂದು ಹೆಜ್ಜೆಗೆ ಇಷ್ಟು, ಒಂದು ಗುಂಡಿಗೆ ಇಷ್ಟು ಎಂದು ಖರ್ಚು. ಮುಗಿದ ಮೇಲೆ ವೈರಿಯ ಸರದಿ. ಗುಂಡನ್ನು ಕಾಲಿಗೆ ಹೊಡೆಯಬೇಕೋ ಕಣ್ಣಿಗೆ ಹೊಡೆಯಬೇಕೋ ಎಂಬುದನ್ನು ಸಾವಕಾಶವಾಗಿ ಆಲೋಚಿಸಬಹುದಾಗಿತ್ತು. ಹೊಡೆತವು ಹೇಗೆ ತಗಲಿತೆಂಬುದನ್ನು ಕೆಳಗಿನ ಪೆಟ್ಟಿಗೆಯಲ್ಲಿ ಒಂದೆರಡು ಸಾಲು ಬರಹವು ವ್ಯಂಗ್ಯವಾಗಿ ವರ್ಣಿಸುತ್ತಿತ್ತು. ಇದನ್ನು ಅಳಿಯನು ವಿವರಿಸುತ್ತಿದ್ದಾಗ ನಮಗೆ ಊರಿನ ತಾಳಮದ್ದಲೆಯ ನೆನಪಾಯಿತು. ವೇಷವಿಲ್ಲ, ಕುಣಿತವಿಲ್ಲ, ಕರ್ಣಾರ್ಜುನರಿಬ್ಬರೂ ಪಂಚೆಯುಟ್ಟು ಚಾಪೆಯ ಮೇಲೆ ಕುಳಿತವರು. ಆದರೂ ಅರ್ಥಧಾರಿಯ ಮಾತಿನಲ್ಲಿ ಬಾಣ ಹಾರುತ್ತದೆ. ಅದರ ರುಚಿ ಹತ್ತಿದವನಿಗೆ ಬಯಲಾಟದ ಅಬ್ಬರ ಹಿಡಿಸದಿರಬಹುದು. ಬೆಥೆಸ್ಡಾದವರು ತಾಳಮದ್ದಲೆಯ ಪ್ರಸಂಗವನ್ನು ಬಯಲಾಟಕ್ಕೆ ಇಳಿಸಹೊರಟಿದ್ದರು.

ಅವರು ಒಂದು ರಾಜಿಯ ದಾರಿಯನ್ನು ಹುಡುಕಿದ್ದರು. ಅದರ ಹೆಸರು ‘ವ್ಯಾಟ್ಸ್’. ಬಂದೂಕಿನ ಯುದ್ಧವು ಎಡೆಬಿಡದೆ ಸಾಗುತ್ತಿರುವಾಗ ಆಟಗಾರನು ಒಂದು ಗುಂಡಿಯನ್ನು ಒತ್ತಿದರೆ ಕಾಲವೇ ನಿಲ್ಲುತ್ತದೆ. ಎದುರಿಗಿರುವವನ ತಲೆ, ಎದೆ, ಕೈ, ಕಾಲು, ಹಿಡಿದ ಆಯುಧ, ಒಂದೊಂದರ ಮೇಲೂ ಗುರಿ ತಗಲುವ ಸಂಭವವು ಶೇಕಡಾವಾರು ಅಂಕೆಯಲ್ಲಿ ಮೂಡುತ್ತದೆ. ಹಳೆಯ ಆಟದ ಅಂಕಗಳ ಬಂಡವಾಳವನ್ನು ಇಲ್ಲಿ ವೆಚ್ಚಮಾಡಿ ಗುಂಡುಗಳನ್ನು ಹಂಚಬೇಕು. ಕಾಲಿಗೆ ಪೆಟ್ಟಾದವನು ಕುಂಟುವನು. ಕೈಗೆ ಪೆಟ್ಟಾದವನ ಗುರಿ ತಪ್ಪುವುದು. ಆಮೇಲೆ ಎಲ್ಲವೂ ನಿಧಾನಗತಿಯ ಸಿನಿಮಾದಂತೆ ನಡೆಯುವುದು. ಅಂಕ ಮುಗಿದರೆ ಅದು ತುಂಬುವವರೆಗೆ ಸಾಮಾನ್ಯ ಬಂದೂಕುಗಾರಿಕೆಯೇ ಗತಿ. 2007ರ ಜುಲೈ ಸಂಚಿಕೆಯ ‘ಗೇಮ್ ಇನ್‌ಫಾರ್ಮರ್’ ಮಾಸಿಕದಲ್ಲಿ ಇದರ ಮೊದಲ ವಿವರಗಳು ಬಂದಾಗ ಹಳಬರು ಇದನ್ನು ಕಣ್ಕಟ್ಟೆಂದರು, ಹೊಸಬರು ಜಾಣತನವೆಂದರು. ಸಣ್ಣ ಅಣುಬಾಂಬನ್ನೇ ಕವಣೆಕಲ್ಲಿನಂತೆ ಎಸೆಯುವ ‘ಫ್ಯಾಟ್ ಮ್ಯಾನ್’ ಎಂಬ ಆಯುಧವನ್ನು ಕಂಡು ಹಳಬರಿಗೆ ಇನ್ನಷ್ಟು ಸಿಟ್ಟು ಬಂತು. ಅಣುಬಾಂಬಿನಿಂದ ಲೋಕ ಹಾಳಾದ ಕಥೆಯಲ್ಲಿ ಅಣುಬಾಂಬೇ ಆಟಿಕೆಯಾಯಿತಲ್ಲ ಎಂಬ ಅವರ ದೂರಿನಲ್ಲಿ ಹುರುಳಿಲ್ಲವೆನ್ನಲಾರೆವು.

2008ರ ಜುಲೈಯಲ್ಲಿ ಲಾಸ್ ಏಂಜಲಿಸಿನ ಪ್ರದರ್ಶನದಲ್ಲಿ ನಿರ್ದೇಶಕ ಟಾಡ್ ಹಾವರ್ಡ್ ವೇದಿಕೆಯ ಮೇಲೆಯೇ ಆಟವನ್ನು ಆಡಿ ತೋರಿಸಿದನು. ಮರುದಿನ ಅಳಿಯನೂ ಅವನ ಮೂವರು ಮಿತ್ರರೂ ಬಂದು ನಮ್ಮ ಮುಂದೆ ಒಂದು ಲಕೋಟೆಯನ್ನು ಇಟ್ಟರು. ನಾಲ್ವರೂ ಪಾಲು ಹಾಕಿ ಕೊಂಡಿದ್ದ ಎಕ್ಸ್‌ಬಾಕ್ಸ್ 360 ಯಂತ್ರಕ್ಕೆ ಈ ಆಟದ ಡಿಸ್ಕು ಬರುವ ದಿನಕ್ಕೆಂದು ತಲೆಗೆ ಐನೂರು ರೂಪಾಯಿಯಂತೆ ಕೂಡಿಸಿದ ಹಣ. “ಮಾವಾ, ನಮ್ಮ ಕೈಯಲ್ಲಿದ್ದರೆ ಖರ್ಚಾಗಿಬಿಡುತ್ತದೆ, ನಿಮ್ಮ ಗಲ್ಲಾದಲ್ಲಿರಲಿ” ಎಂದನು. ಲಕೋಟೆಯ ಮೇಲೆ ‘ಅಕ್ಟೋಬರ್ 28’ ಎಂದು ಬರೆದಿತ್ತು. ಅಮೇರಿಕದಲ್ಲಿ ಆಟ ಮಾರಾಟಕ್ಕೆ ಬರಲಿದ್ದ ದಿನವದು.

ಇತ್ತ ಒಂದೊಂದು ದೇಶದಲ್ಲಿ ಒಂದೊಂದು ತೊಡಕು ಎದ್ದಿತ್ತು. ಆಸ್ಟ್ರೇಲಿಯದ ಪರಿಶೀಲಕರು, ಆಟದೊಳಗೆ ಗಾಯಾಳುವು ಮಾರ್ಫಿನ್ ಚುಚ್ಚಿಕೊಳ್ಳುವುದನ್ನು ಒಪ್ಪದೆ, ಜುಲೈಯಲ್ಲಿ ಅನುಮತಿಯನ್ನು ನಿರಾಕರಿಸಿದರು. ಔಷಧಿಗೆ ‘ಮೆಡ್-ಎಕ್ಸ್’ ಎಂಬ ಕಲ್ಪಿತ ನಾಮಕರಣವಾಯಿತು; ಅನುಮತಿ ಸಿಕ್ಕಿತು. ಜಪಾನಿನಲ್ಲಿ ‘ಫ್ಯಾಟ್ ಮ್ಯಾನ್’ ಎಂಬುದು ನಾಗಸಾಕಿಯ ಮೇಲೆ ಬಿದ್ದ ಬಾಂಬಿನದೇ ಹೆಸರು. ಅಲ್ಲಿ ಆಯುಧದ ಹೆಸರನ್ನು ಬದಲಿಸಿದರು; ಬಾಂಬಿನ ಸುತ್ತ ಕಟ್ಟಿದ ಊರನ್ನು ಆಟಗಾರನೇ ಸಿಡಿಸಿಬಿಡುವ ಆಯ್ಕೆಯನ್ನೂ ತೆಗೆದರು. ಡಿಸೆಂಬರಿನಲ್ಲಿ ಆಟವು ಅಲ್ಲಿಯೂ ಬಂತು.

ಭಾರತದ ಪಾಲಿಗೆ ಬಂದುದು ಅಕ್ಟೋಬರ್ 22ರ ಪ್ರಕಟಣೆ. ಇಲ್ಲಿನ ಸಾಂಸ್ಕೃತಿಕ ಸೂಕ್ಷ್ಮತೆಗಳನ್ನು ಲಕ್ಷಿಸಿ ಈ ಆಟವನ್ನು ತರದಿರಲು ವ್ಯಾಪಾರದ ದೃಷ್ಟಿಯಿಂದ ನಿಶ್ಚಯಿಸಿರುವುದಾಗಿ ಎಕ್ಸ್‌ಬಾಕ್ಸ್ ಯಂತ್ರದ ಒಡೆಯರಾದ ಮೈಕ್ರೋಸಾಫ್ಟಿನವರು ತಿಳಿಸಿದರು. ಯಾವ ಸೂಕ್ಷ್ಮತೆ ಎಂಬುದನ್ನು ಬಿಡಿಸಿ ಹೇಳಲಿಲ್ಲ. ಜನರು ಊಹಿಸಿದುದು ಇಷ್ಟು: ಆಟದ ಬಂಜರು ಭೂಮಿಯಲ್ಲಿ ವಿಕಿರಣದಿಂದ ವಿಕಾರಗೊಂಡ ಎರಡು ತಲೆಯ ಹಸುಗಳಿವೆ, ಅವುಗಳ ಹೆಸರು ‘ಬ್ರಾಹ್ಮಿನ್’.

ಈ ಹೆಸರು 1997ರ ಮೊದಲ ಆಟದಿಂದಲೂ ಇದ್ದುದೇ. ಅಮೇರಿಕದಲ್ಲಿ ‘ಬ್ರಾಹ್ಮನ್’ ಎಂಬ ಗೋತಳಿಯೊಂದಿದೆ. ಹೆಗಲಿನಲ್ಲಿ ಹಿಣಿಲಿರುವ, ಬಿಸಿಲು ತಾಳುವ ದನಗಳು. ಅದನ್ನು ಭಾರತದ ಗೀರ್, ಗುಜರಾತ್, ನೆಲ್ಲೂರು ತಳಿಗಳಿಂದಲೂ, ಕೇಳಿ ವಾಚಕರೇ, ನಮ್ಮ ಬಿಜಾಪುರ-ಬೆಳಗಾವಿ ಕಡೆಯ ಕೃಷ್ಣಾ ತೀರದ ತಳಿಯಿಂದಲೂ ಬೆಳೆಸಿದುದು. ಆಟದವರಿಗೆ ಹೆಸರು ಹೊಳೆದುದು ಈ ದನಗಳಿಂದಲೇ ಎಂಬುದು ನಮ್ಮ ಅಭಿಪ್ರಾಯ. ಹಾಗಿದ್ದರೆ, ಕೃಷ್ಣೆಯ ನೀರು ಕುಡಿದ ದನದ ಮರಿಮಕ್ಕಳು ಸಮುದ್ರ ದಾಟಿ ಹೋಗಿ, ಎರಡು ತಲೆ ಪಡೆದು, ಮರಳಿ ತಾಯ್ನಾಡಿಗೆ ಬರುವಾಗ ಬಾಗಿಲು ಮುಚ್ಚಿತೆಂದಾಯಿತು. ಹಸುವಿಗೆ ಆ ಹೆಸರಿಟ್ಟುದು ನಮಗೂ ರುಚಿಸುವುದಿಲ್ಲ. ಆದರೆ ಆಸ್ಟ್ರೇಲಿಯದಲ್ಲಿ ಔಷಧಿಯ ಹೆಸರು ಬದಲಾಯಿತು, ಜಪಾನಿನಲ್ಲಿ ಆಯುಧದ ಹೆಸರು ಬದಲಾಯಿತು. ಇಲ್ಲಿ ಮಾತ್ರ ಆಟವೇ ಬೇಡವೆಂದಾಯಿತು. ಅದಕ್ಕೆ ಮೊದಲು ಈ ಹಸುವನ್ನು ಕುರಿತು ಯಾರೊಬ್ಬರಾದರೂ ಆಕ್ಷೇಪಿಸಿದ ಮಾತು ನಮ್ಮ ಗಲ್ಲಾದ ವರೆಗೆ ಬಂದಿರಲಿಲ್ಲ. ನೊಂದುಕೊಳ್ಳುವ ಅವಕಾಶವನ್ನೂ ನಮಗೆ ಕೊಡದೆ ನಮ್ಮ ಪರವಾಗಿ ಬೇರೆಯವರೇ ನೊಂದುಕೊಂಡರು.

ಅಳಿಯನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಕ್ಕ ಊರಿನಿಂದ ಫೋನು ಮಾಡಿ, “ಪರೀಕ್ಷೆಯಲ್ಲಿ ಫೇಲಾದನೇ?” ಎಂದು ಕೇಳಿದಳು. ಎರಡು ತಲೆಯ ಹಸುವಿನ ವಿಷಯವನ್ನು ಅವಳಿಗೆ ತಿಳಿಸುವುದು ನಮ್ಮಿಂದಾಗಲಿಲ್ಲ.

ಅತ್ತ ಆಟವು ಹೊರಬಿದ್ದ ಮೊದಲ ವಾರದಲ್ಲಿ 47 ಲಕ್ಷ ಪ್ರತಿಗಳು ಅಂಗಡಿಗಳಿಗೆ ರವಾನೆಯಾದುವು. ಮರುವರ್ಷ ಆಟಗಳನ್ನು ತಯಾರಿಸುವವರೇ ಕೊಡುವ ಗೇಮ್ ಡೆವಲಪರ್ಸ್ ಚಾಯ್ಸ್ ಪ್ರಶಸ್ತಿಗಳಲ್ಲಿ ಅಗ್ರಸ್ಥಾನವೂ ಅದಕ್ಕೆ ಸಂದಿತು. ನಮ್ಮ ಅಳಿಯನಿಗೆ ಅದು ಕಾಣಸಿಕ್ಕಿದುದು 2009ರ ಬೇಸಗೆಯಲ್ಲಿ. ಅಮೇರಿಕದಿಂದ ರಜೆಗೆ ಬಂದ ನೆಂಟರೊಬ್ಬರು ಕಂಪ್ಯೂಟರಿಗೆ ಒಗ್ಗುವ ಡಿಸ್ಕನ್ನು ತಂದುಕೊಟ್ಟರು. ಲಕೋಟೆಯ ಹಣಕ್ಕೆ ಇನ್ನಷ್ಟು ಸೇರಿಸಿ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಕೊಂಡದ್ದಾಯಿತು. ನೆಲಮಾಳಿಗೆಯ ಬಾಗಿಲು ತೆರೆದು, ಹುಟ್ಟಿದಂದಿನಿಂದ ಸೂರ್ಯನನ್ನು ಕಾಣದವನು ಮೊದಲ ಸಲ ಹೊರಗೆ ಕಾಲಿಡುವಾಗ ಪರದೆಯೆಲ್ಲ ಬೆಳ್ಳಗಾಗುತ್ತದೆ. ಮೆಲ್ಲಗೆ ಕಣ್ಣು ಹೊಂದಿಕೊಂಡು ಹಾಳುಬಿದ್ದ ನಾಡು ಮೂಡುತ್ತದೆ. ಆ ನೋಟಕ್ಕೆ ನಾಲ್ವರು ಹುಡುಗರೂ ಮಾತಿಲ್ಲದೆ ಕುಳಿತುದನ್ನು ನಾವು ಕಣ್ಣಾರೆ ಕಂಡೆವು. ಕಾಳಗದ ಹೊತ್ತಿಗೆ ಮಾತು ಮರಳಿತು. ಶೇಕಡಾ 95ರ ಸಂಭವವಿದ್ದ ಗುಂಡು ಗುರಿ ತಪ್ಪಿದಾಗ ಅಳಿಯನು ಆಡಿದ ಮಾತನ್ನು ಇಲ್ಲಿ ಅಚ್ಚುಹಾಕುವಂತಿಲ್ಲ.

ವಾರ ಕಳೆದ ಮೇಲೆ, “ಹೇಗಿದೆ ಮಾರಾಯಾ?” ಎಂದು ವಿಚಾರಿಸಿದೆವು. “ಕಾಲ ನಿಲ್ಲಿಸಿ ಹೊಡೆಯುವುದು ಚೆನ್ನಾಗಿದೆ ಮಾವಾ. ನಿಲ್ಲಿಸದೆ ಹೊಡೆದರೆ ಬಂದೂಕಿಗೆ ಜೀವವಿಲ್ಲ. ಜನರ ಮುಖ ಮರದ ಗೊಂಬೆಯಂತಿದೆ. ಆದರೆ ಊರು! ಆ ಊರಿನಲ್ಲಿ ಸುಮ್ಮನೆ ನಡೆಯುತ್ತಿದ್ದರೆ ಸಾಕು” ಎಂದನು. ಅಷ್ಟು ದಿನ ಕಾದವನ ಬಾಯಿಯಿಂದ ಇಂಥ ನಿಷ್ಪಕ್ಷಪಾತದ ತೀರ್ಪು ಬಂದುದು ನಮಗೆ ಸೋಜಿಗವೆನಿಸಿತು. ಹೋಟೆಲಿನ ಗಿರಾಕಿಯಲ್ಲಿ ಇದನ್ನು ನಾವು ವಿರಳವಾಗಿ ಕಂಡಿದ್ದೇವೆ.

ಅವನು ಎಣಿಸಿದ ಕುಂದುಗಳನ್ನು ತಯಾರಕರೂ ಅರಿತಿದ್ದರೆಂಬುದು ಮುಂದೆ ತಿಳಿಯಿತು. 2015ರ ನವೆಂಬರ್ 10ರಂದು ಬಂದ ನಾಲ್ಕನೆಯ ಆಟದಲ್ಲಿ ಬಂದೂಕಿನ ಕಾಳಗವನ್ನು ತಿದ್ದಲು ‘ಡೂಮ್’ ಖ್ಯಾತಿಯ ಇಡ್ ಸಾಫ್ಟ್‌ವೇರಿನವರ ಸಲಹೆ ಪಡೆದರು. ಕಾಲವು ಪೂರ್ತಿಯಾಗಿ ನಿಲ್ಲುವ ಬದಲು ನಿಧಾನಗೊಳ್ಳುವಂತೆ ಮಾಡಿದರು. ಅದರ ಮುನ್ನೋಟ ಬಂದಾಗ ಚಿತ್ರವು ಹಳತಾಯಿತೆಂದು ಗೊಣಗಿದವರಲ್ಲಿ ಹಿಂದೆ ಹೊಸಬರಾಗಿದ್ದ ನಮ್ಮ ಅಳಿಯನಂಥವರೂ ಇದ್ದರು. 2024ರ ಏಪ್ರಿಲಿನಲ್ಲಿ ಇದೇ ಕಥಾಲೋಕವನ್ನು ಆಧರಿಸಿದ ಧಾರಾವಾಹಿಯು ಬಂದಿತು. ಅಕ್ಕನೂ ಎರಡು ಕಂತು ನೋಡಿ, ಹಸುವಿಗೆ ಎರಡು ತಲೆಯೇಕೆಂದು ಈಗ ಕೇಳಿದಳು. ಐದನೆಯ ಆಟವು ತಮ್ಮ ‘ಎಲ್ಡರ್ ಸ್ಕ್ರೋಲ್ಸ್’ ಮಾಲೆಯ ಆರನೆಯದು ಮುಗಿದ ಮೇಲೆ ಎಂದು ಹಾವರ್ಡ್ 2022ರಲ್ಲಿ ಹೇಳಿದ್ದಾನೆ.

ಅಳಿಯನು ಈಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ, ಒಂದು ಮಗುವಿನ ತಂದೆ. ಮೊನ್ನೆ ಫೋನಿನಲ್ಲಿ, ಐದನೆಯದು ಬರುವಷ್ಟರಲ್ಲಿ ಮಗನೂ ಆಡುವ ವಯಸ್ಸಿಗೆ ಬರುತ್ತಾನೆಂದು ಲೆಕ್ಕ ಹಾಕಿ, “ಮಾವಾ, ಆ ಲಕೋಟೆ ಇನ್ನೂ ಇದೆಯೇ?” ಎಂದು ಕೇಳಿದನು. ಇದೆ. ಹೋಟೆಲನ್ನು ಒಪ್ಪಿಸಿದ ದಿನ ಗಲ್ಲಾದ ಕೆಳಗಿನ ಖಾನೆಯಲ್ಲಿ ಸಿಕ್ಕಿತ್ತು. ಬರಿದಾಗಿದೆ, ದಿನಾಂಕ ಮಾಸಿದೆ. ಹಣ ಕಳುಹಿಸು, ಇಟ್ಟುಕೊಂಡಿರುತ್ತೇನೆ ಎಂದೆವು.